ಹಲವರ ದಾಖಲೆಯಿಂದ ಒಬ್ಬರ ಪಥ್ಯ

ಪ್ರಶ್ನೆ: ರಾಗಿಮುದ್ದೆ ಉಂಡ ಮೇಲೆ ನನ್ನ ರಕ್ತದ ಸಕ್ಕರೆ ಬಹಳ ಏರುತ್ತದೆ, ಅದೇ ಮುದ್ದೆ, ಅದೇ ಬಸ್ಸಾರು ಉಣ್ಣುವ ಅಣ್ಣನಿಗೆ ಅಷ್ಟು ಏರುವುದಿಲ್ಲ. ಹಲವರ ದಾಖಲೆಗಳನ್ನು ಒಟ್ಟುಗೂಡಿಸಿ ಒಬ್ಬೊಬ್ಬರಿಗೂ ಹೊಂದುವ ಪಥ್ಯವನ್ನು ರೂಪಿಸಬಹುದೇ?

ಉತ್ತರ 1: ಖಂಡಿತ ಸಾಧ್ಯವಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 800 ಜನರ ಸಕ್ಕರೆಯ ಏರಿಳಿತವನ್ನು ಒಂದು ವಾರ ಸತತವಾಗಿ ಅಳೆದು, ಅದನ್ನು ಊಟ, ನಿದ್ರೆ ಮತ್ತು ಕರುಳಿನ ಸೂಕ್ಷ್ಮಜೀವಿಗಳ ವಿವರಗಳೊಂದಿಗೆ ಜೋಡಿಸಿ, ಒಂದೇ ಆಹಾರಕ್ಕೆ ಒಬ್ಬೊಬ್ಬರ ದೇಹವೂ ಬೇರೆಬೇರೆಯಾಗಿ ಸ್ಪಂದಿಸುತ್ತದೆ ಎಂಬುದನ್ನು 2015ರಲ್ಲಿ ತೋರಿಸಿದರು.

ಉತ್ತರ 2: ಮುದ್ದೆಯ ತೂಕ, ಸಾರಿನಲ್ಲಿದ್ದ ಕಾಳು, ಉಂಡ ಹೊತ್ತು, ಆಮೇಲಿನ ನಡಿಗೆ ಇವನ್ನು ಬರೆದಿಡದ ದಾಖಲೆ ಎಷ್ಟು ದೊಡ್ಡದಾದರೂ ಪ್ರಯೋಜನಕ್ಕೆ ಬಾರದು. ತಾವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಪಥ್ಯವನ್ನು ದಯವಿಟ್ಟು ಬದಲಿಸಬೇಡಿ.

ಉತ್ತರ 3: ಹೆಸರು, ಫೋನ್ ಸಂಖ್ಯೆಗಳನ್ನು ತೆಗೆದು, ಪ್ರತಿಯೊಬ್ಬರ ಒಪ್ಪಿಗೆ ಪಡೆದೇ ದಾಖಲೆಗಳನ್ನು ಸೇರಿಸಿರಿ.