ಅಲಿಟಾಳ ಕಣ್ಣು ಅಷ್ಟು ದೊಡ್ಡದು ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ವಿಎಫ್‌ಎಕ್ಸ್‌ನಲ್ಲಿ (ಸಿನಿಮಾದ ಕಂಪ್ಯೂಟರ್ ದೃಶ್ಯಗಳ ಕೆಲಸ) ಮುಖದ ಅನಿಮೇಶನ್ ಮಾಡುವವರು ಅಂತ ಕೇಳುತ್ತಿದ್ದೇನೆ. ಯುಕಿಟೊ ಕಿಶಿರೊ ಅವರ ‘ಗನ್ಮು’ ಮಾಂಗಾ (ಜಪಾನಿ ಕಾಮಿಕ್ಸ್) ಓದಿ ಮುಗಿಸಿ, ಅದನ್ನು ಆಧರಿಸಿದ 2019ರ ಸಿನಿಮಾ ‘ಅಲಿಟಾ: ಬ್ಯಾಟಲ್ ಏಂಜೆಲ್’ ನೋಡಿದೆ. ಉಳಿದವರಿಗೆಲ್ಲ ಮಾಮೂಲಿ ಕಣ್ಣು, ಯಂತ್ರದ ಮೈಯ ನಾಯಕಿ ಅಲಿಟಾಗೆ ಮಾತ್ರ ಅಷ್ಟು ದೊಡ್ಡದು. ನಟಿಯ ಮುಖವನ್ನೇ ಬಿಡಬಹುದಿತ್ತು ಅಲ್ವಾ?

ಉತ್ತರ: ಬಿಡಬಹುದಿತ್ತು. ಆದರೆ ಆಗ ಅವಳು ನಾವು ಓದಿದ ಅಲಿಟಾ ಆಗುತ್ತಿರಲಿಲ್ಲ.

ಕಾಗದದ ಮೇಲೆ ಕಣ್ಣು ಅಂದರೆ ಕಪ್ಪು ಶಾಯಿ, ಒಂದು ಬಿಳಿ ಚುಕ್ಕೆ. ಮೂಗು, ಬಾಯಿ ಕೂಡ ಬರೀ ಗೆರೆ. ಹಾಗಾಗಿ ಕಣ್ಣು ಎಷ್ಟು ದೊಡ್ಡದಿದ್ದರೂ ಒಪ್ಪಿಕೊಳ್ಳುತ್ತೇವೆ. ಸಿನಿಮಾದಲ್ಲಿ ಅದೇ ಕಣ್ಣು ಒದ್ದೆಯಾಗಿರಬೇಕು, ರೆಪ್ಪೆಯ ನೆರಳು ಬೀಳಬೇಕು. ಪಕ್ಕದಲ್ಲೇ ನಟ ಕ್ರಿಸ್ಟೋಫ್ ವಾಲ್ಟ್ಸ್ ಅವರ ನಿಜವಾದ ಮುಖ ಬೇರೆ! 2017ರ ಕೊನೆಯಲ್ಲಿ ಮೊದಲ ಟ್ರೈಲರ್ ಬಂದಾಗ ತುಂಬಾ ಜನರಿಗೆ ಆ ಕಣ್ಣು ನೋಡಿ ಕಸಿವಿಸಿಯಾಯಿತು. ಆಮೇಲೆ ಕಣ್ಣನ್ನು ಚಿಕ್ಕದು ಮಾಡಲಿಲ್ಲ. ಕಣ್ಣಿನ ನಡುವಿನ ಬಣ್ಣದ ಭಾಗವನ್ನು (ಐರಿಸ್) ದೊಡ್ಡದು ಮಾಡಿದರು, ಸುತ್ತಲಿನ ಬಿಳಿ ಭಾಗ ಕಡಿಮೆಯಾಯಿತು. ಬಿಳಿ ಜಾಸ್ತಿ ಕಂಡರೆ ಮುಖ ಹೆದರಿದ ಹಾಗೆ ಕಾಣುತ್ತದೆ. ಕನ್ನಡಿ ಮುಂದೆ ಕಣ್ಣರಳಿಸಿ ನಿಂತು ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಮಾತು. ಆ ಮುಖ ಸುಮ್ನೆ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ. ನಟಿ ರೋಸಾ ಸಲಾಜಾರ್ ಸೆಟ್‌ನಲ್ಲಿ ನಿಂತು ನಟಿಸಿದ್ದನ್ನೇ ವಿಎಫ್‌ಎಕ್ಸ್ ಕಂಪನಿ ವೇಟಾ ಡಿಜಿಟಲ್‌ನವರು ಅಲಿಟಾಳ ಮುಖಕ್ಕೆ ತಂದರು. ಕಿತ್ತಳೆಯನ್ನು ಸಿಪ್ಪೆ ಸಮೇತ ಕಚ್ಚುತ್ತಾಳಲ್ಲ, ಆ ಸೀನ್‌ನಲ್ಲಿ ಅವಳ ಕೆಳರೆಪ್ಪೆ ಗಮನಿಸಿ. ನಾನು ಒಂದು ಪಾತ್ರದ ನಗುವಿಗೆ ಎರಡು ದಿನ ಒದ್ದಾಡಿದ್ದೆ. ಕೊನೆಗೆ ಕೆಳರೆಪ್ಪೆಯನ್ನು ಕೂದಲೆಳೆಯಷ್ಟು ಮೇಲೆತ್ತಿದೆ, ನಗು ಬಂದುಬಿಟ್ಟಿತು.

ಪ್ರಶ್ನೆ: ಥ್ಯಾಂಕ್ಸ್ ಮೇಡಂ, ಇವತ್ತೇ ಮತ್ತೆ ನೋಡುತ್ತೇನೆ. ಕತೆಯ ಬಗ್ಗೆ ಏನು ಹೇಳುತ್ತೀರಿ? ಮೋಟರ್‌ಬಾಲ್, ಅಂದರೆ ಚಕ್ರದ ಮೇಲೆ ಓಡುತ್ತಾ ಚೆಂಡಿಗಾಗಿ ಕಾದಾಡುವ ಆ ಆಟ, ಸಿನಿಮಾದಲ್ಲಿ ಅಷ್ಟು ಬೇಗ ಯಾಕೆ ಬಂತು?

ಉತ್ತರ: ಕತೆ ನನ್ನ ಕೆಲಸವಲ್ಲ, ಓದುಗಳಾಗಿ ಹೇಳುತ್ತೇನೆ. 1990ರಿಂದ 1995ರವರೆಗೆ ಬಂದ ಒಂಬತ್ತು ಸಂಪುಟಗಳು ಎರಡು ಗಂಟೆಗೆ ಹಿಡಿಯುವುದಿಲ್ಲ. ಜೇಮ್ಸ್ ಕ್ಯಾಮರಾನ್ ಅವರ ಸ್ಕ್ರಿಪ್ಟೇ ಉದ್ದವಾಗಿತ್ತು, ನಿರ್ದೇಶಕ ರಾಬರ್ಟ್ ರೋಡ್ರಿಗಸ್ ಕತ್ತರಿಸಿದರು. ಪುಸ್ತಕದಲ್ಲಿ ಅಲಿಟಾ ಪ್ರೀತಿಸಿದ ಹುಡುಗ ಸತ್ತ ಮೇಲೆ, ಆ ನೋವಿನಲ್ಲಿ ಅವಳು ಮೋಟರ್‌ಬಾಲ್‌ಗೆ ಹೋಗುತ್ತಾಳೆ. ಸಿನಿಮಾದಲ್ಲಿ ಅವನು ಬದುಕಿರುವಾಗಲೇ ಆಡುತ್ತಾಳೆ. ಆಟ ಕಣ್ಣಿಗೆ ಹಬ್ಬ, ನಿಜ. ಆದರೆ ಆ ನೋವು ಆಟದೊಳಗೆ ಇಲ್ಲ. ನನಗೆ ಅದೇ ಬೇಜಾರು. ಮೊದಲ ಸಂಪುಟದ ಖಳ ಮಕಾಕು ತಾನು ಚರಂಡಿಯಲ್ಲಿ ಬೆಳೆದ ಕತೆ ಹೇಳಿಕೊಳ್ಳುವ ಪುಟಗಳೂ ಸಿನಿಮಾದಲ್ಲಿ ಇಲ್ಲ. ಪುಸ್ತಕ ಕೈಯಲ್ಲೇ ಇದೆಯಲ್ಲ, ಅವನ್ನು ಇನ್ನೊಂದು ಸಲ ಓದಿ.