ಅಮೆರಿಕದಲ್ಲಿ ಅಭ್ಯರ್ಥಿಗೆ ಕೊಡುವ ದುಡ್ಡಿಗೆ ಮಿತಿ ಇದೆ, ಪ್ರಚಾರದ ಖರ್ಚಿಗೆ ಯಾಕಿಲ್ಲ?

ಪ್ರಶ್ನೆ
ಇದು ನನ್ನ ತಲೆಗೆ ಹೋಗುತ್ತಿಲ್ಲ. ಅಲ್ಲಿ ಅಭ್ಯರ್ಥಿಗೆ ನೇರವಾಗಿ ದುಡ್ಡು ಕೊಡಲು ಮಿತಿ ಇದೆ. ಆದರೆ ಅದೇ ಅಭ್ಯರ್ಥಿ ಪರವಾಗಿ ಯಾರಾದರೂ ತಾವೇ ಟಿವಿ ಜಾಹೀರಾತು ಕೊಟ್ಟರೆ ಕೋಟಿಗಟ್ಟಲೆ ಸುರಿಯಬಹುದು. ಎರಡೂ ದುಡ್ಡೇ ಅಲ್ವಾ? ಇದಕ್ಕೆಲ್ಲ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪೇ ಕಾರಣ ಅನ್ನುತ್ತಾರಲ್ಲ, ನಿಜವಾ?

ಉತ್ತರ 1
ಇದರ ಬೇರು 1976ರಲ್ಲಿದೆ. ವಾಟರ್‌ಗೇಟ್ ಹಗರಣದ ನಂತರ, 1974ರಲ್ಲಿ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ದೇಣಿಗೆಗೂ ಖರ್ಚಿಗೂ ಮಿತಿ ಹಾಕಿತು. ಎರಡು ವರ್ಷದ ನಂತರ ಬಕ್ಲಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ರದ್ದು ಮಾಡಿತು. ದೇಣಿಗೆ ಅಭ್ಯರ್ಥಿಯ ಕೈಗೇ ಹೋಗುತ್ತದೆ, ಕೊಟ್ಟವನು ನಾಳೆ ಕೆಲಸ ಮಾಡಿಸಿಕೊಳ್ಳಲು ಬರುತ್ತಾನೆ, ಹಾಗಾಗಿ 1000 ಡಾಲರ್ ಮಿತಿ ಸರಿ ಎಂದಿತು. ಖರ್ಚು ಹಾಗಲ್ಲ: ಕರಪತ್ರ ಅಚ್ಚು ಹಾಕಿಸುವುದು, ಸಭೆಗೆ ಹಾಲ್ ಹಿಡಿಯುವುದು, ಟಿವಿಯಲ್ಲಿ ಸಮಯ ಕೊಳ್ಳುವುದು, ಎಲ್ಲಕ್ಕೂ ದುಡ್ಡು ಬೇಕು, ಅದನ್ನು ತಡೆದರೆ ಜನರ ಬಾಯಿಯನ್ನೇ ತಡೆದ ಹಾಗೆ, ಅದಕ್ಕೆ ವಾಕ್ ಸ್ವಾತಂತ್ರ್ಯ ಕಾಯುವ ಸಂವಿಧಾನದ ಮೊದಲ ತಿದ್ದುಪಡಿ ಒಪ್ಪುವುದಿಲ್ಲ ಎಂದಿತು.

ಉತ್ತರ 2
2010ರಲ್ಲಿ ಬದಲಾದದ್ದು ಕಂಪನಿ ಮತ್ತು ಕಾರ್ಮಿಕ ಸಂಘಗಳ ವಿಷಯ. ಸಿಟಿಜನ್ಸ್ ಯುನೈಟೆಡ್ ಅನ್ನುವ ಸಂಸ್ಥೆ ಹಿಲರಿ ಕ್ಲಿಂಟನ್ ವಿರುದ್ಧ ಚಿತ್ರ ಮಾಡಿತ್ತು. ಚುನಾವಣೆ ಹತ್ತಿರವಿದ್ದಾಗ ಅದನ್ನು ಕೇಬಲ್‌ನಲ್ಲಿ ತೋರಿಸಲು 2002ರ ಕಾಯ್ದೆ ಅಡ್ಡ ಬಂತು. ಹಾಗಾದರೆ ಪುಸ್ತಕವನ್ನೂ ತಡೆಯಬಹುದಾ ಎಂದು ನ್ಯಾಯಮೂರ್ತಿಗಳು ಕೇಳಿದಾಗ ಸರ್ಕಾರಿ ವಕೀಲರು ಇಲ್ಲ ಅನ್ನಲಿಲ್ಲ! ನನಗೆ ಇಡೀ ಕೇಸಿನಲ್ಲಿ ಭಯ ಹುಟ್ಟಿಸಿದ್ದು ಅದೇ. ಕೊನೆಗೆ 5-4ರ ಬಹುಮತದಲ್ಲಿ ಆ ಸಂಸ್ಥೆ ಗೆದ್ದಿತು, ಕಂಪನಿ ಮತ್ತು ಸಂಘಗಳೂ ತಾವೇ ಪ್ರಚಾರಕ್ಕೆ ಮಿತಿಯಿಲ್ಲದೆ ಖರ್ಚು ಮಾಡಬಹುದು ಎಂದಾಯಿತು. ಸುಮ್ನೆ ಬೈಯುವವರು ಒಂದು ಮರೆಯುತ್ತಾರೆ, ಕಂಪನಿಗಳು ಅಧ್ಯಕ್ಷ ಅಥವಾ ಕಾಂಗ್ರೆಸ್ ಅಭ್ಯರ್ಥಿಗೆ ನೇರವಾಗಿ ದುಡ್ಡು ಕೊಡುವಂತಿಲ್ಲ ಅನ್ನುವ 1907ರ ನಿಷೇಧ ಈಗಲೂ ಇದೆ.

ಉತ್ತರ 3
ಪುಸ್ತಕದ ಮಾತು ಒಪ್ಪುತ್ತೇನೆ. ಆದರೆ ಆ ತೀರ್ಪು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಅಭ್ಯರ್ಥಿ ಜೊತೆ ಮಾತಾಡಿಕೊಳ್ಳದೆ ಮಾಡಿದ ಖರ್ಚಿನಿಂದ ಭ್ರಷ್ಟಾಚಾರ ಹುಟ್ಟುವುದಿಲ್ಲ. ಅದೇ ವರ್ಷ ಸ್ಪೀಚ್‌ನೌ ಕೇಸಿನಲ್ಲಿ ಕೆಳಗಿನ ಕೋರ್ಟ್ ಇದನ್ನೇ ಹಿಡಿದು ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಅಭ್ಯರ್ಥಿಗೆ ದುಡ್ಡು ಕೊಡದೆ ತಾವೇ ಪ್ರಚಾರ ಮಾಡಲು ಮಿತಿಯಿಲ್ಲದೆ ದೇಣಿಗೆ ಎತ್ತುವ ಗುಂಪುಗಳಿಗೆ, ದಾರಿ ಮಾಡಿತು. ಈಗ ಅಭ್ಯರ್ಥಿಯ ಹಳೆಯ ಸಿಬ್ಬಂದಿಯೇ ಎಷ್ಟೋ ಸೂಪರ್ ಪ್ಯಾಕ್ ನಡೆಸುತ್ತಾರೆ. ದೊಡ್ಡ ಮೊತ್ತ ಕೊಟ್ಟವರು ಯಾರೆಂದು ಅಭ್ಯರ್ಥಿಗೆ ಗೊತ್ತಾಗದೇ ಇರುತ್ತಾ? ಇದಕ್ಕಿಂತ ಕೆಟ್ಟದ್ದು ಲಾಭರಹಿತ ಸಂಸ್ಥೆಗಳ ದಾರಿ. ಅಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯುವುದೇ ಇಲ್ಲ. ಹೆಸರು ಬಹಿರಂಗ ಮಾಡಿಸುವುದು ಸರಿ ಎಂದು ಅದೇ ತೀರ್ಪಿನಲ್ಲಿ 8-1ರಲ್ಲಿ ಹೇಳಿದ್ದಾರೆ. ಅದನ್ನು ಯಾರೂ ಎತ್ತುವುದಿಲ್ಲ, ನನಗೆ ಸಿಟ್ಟು ಬರುವುದು ಇದಕ್ಕೇ.

ಪ್ರಶ್ನೆ ಕೇಳಿದವರು
ಅಂದರೆ ಹೆಸರು ಹೊರಗೆ ಬರಲು ಸಂವಿಧಾನ ತಿದ್ದಬೇಕಾಗಿಲ್ಲ, ಕಾನೂನು ಸಾಕು ಅಂತಲಾ?

ಉತ್ತರ 3
ಸಾಕು. 2010ರಲ್ಲೇ ಅಂಥ ಮಸೂದೆ ಕೆಳಮನೆಯಲ್ಲಿ ಪಾಸಾಯಿತು, ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮುಂದೆ ಹೋಗಲು ಬೇಕಾದ 60 ಮತ ಸಿಗಲಿಲ್ಲ. ಖರ್ಚಿಗೇ ಮಿತಿ ಬೇಕೆಂದರೆ ಮಾತ್ರ ಸಂವಿಧಾನ ತಿದ್ದಬೇಕು, ಇಲ್ಲವೇ ಕೋರ್ಟ್ ತನ್ನ ನಿಲುವು ಬದಲಿಸಬೇಕು.