ಸಾವಿರ ಗಜದ ಶೂಟಿಂಗ್: ದುಡ್ಡು ನಿಜವಾಗಿ ಎಲ್ಲಿ ಹೋಗುತ್ತೆ? (ಪ್ರಶ್ನೋತ್ತರ)

ಪ್ರಶ್ನೆ: ನಮಸ್ಕಾರ ಸರ್. ದೂರದ ಗುರಿಯ ಶೂಟಿಂಗ್ ಶುರು ಮಾಡಬೇಕು ಅನ್ನೋದು ಬಹಳ ದಿನದ ಆಸೆ. ಲೈಸೆನ್ಸ್ ಆಗಿದೆ, ಕ್ಲಬ್ಬಿಗೂ ಸೇರಿದ್ದೇನೆ. ರೈಫಲ್, ಸ್ಕೋಪ್, ಬೈಪಾಡ್ (ಎರಡು ಕಾಲಿನ ಆಸರೆ) ಮೂರರ ಬೆಲೆ ಕೂಡಿಸಿ ಅಷ್ಟು ಹಣ ಎತ್ತಿಟ್ಟಿದ್ದೇನೆ. ಕ್ಲಬ್ಬಿನ ಹಿರಿಯರೊಬ್ಬರು ಅದನ್ನು ಕೇಳಿ, "ಇದು ಒಳಗೆ ಕಾಲಿಡೋಕೆ ಆಗುವ ಖರ್ಚು ಅಷ್ಟೇ" ಅಂದರು. ನೀವು ಬ್ಯಾರೆಲ್ ಕೂರಿಸುವ ಕೆಲಸ ಮಾಡುವವರು, ಸ್ಪರ್ಧಿಗಳಿಗೆ ಹೇಳಿಕೊಡುವವರು. ಇನ್ನೂ ಏನೇನು ಖರ್ಚು ಬರುತ್ತೆ ಅಂತ ಸರಿಯಾಗಿ ತಿಳಿಸಿ.

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ಸರಿಯಾಗಿದೆ. ರೈಫಲ್ಲಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗೀತು. ಆಮೇಲೆ ಟ್ರಿಗರ್ ಒತ್ತಿದಾಗಲೆಲ್ಲ ಖರ್ಚು. ಅದಕ್ಕೇ ಹೊಸಬರಿಗೆ ನಾನು ಮೊದಲು ಮಾಡಿಸುವುದು "ಒಂದು ಹೊಡೆತಕ್ಕೆ ಎಷ್ಟು" ಅನ್ನೋ ಲೆಕ್ಕ. ರೌಂಡ್ ನೀವೇ ತುಂಬಿಕೊಳ್ಳುವುದಾದರೆ ಬುಲೆಟ್, ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಮದ್ದು ಇವುಗಳ ಬೆಲೆ ಪೂರ್ತಿ ಹಾಕಿ. ಹಿತ್ತಾಳೆ ಕೇಸಿನ ಬೆಲೆಯನ್ನು ಅದು ಎಷ್ಟು ಸಲ ಬಳಕೆಗೆ ಬರುತ್ತೋ ಅಷ್ಟರಿಂದ ಭಾಗಿಸಿ. ಇದರ ಜೊತೆ ಎಲ್ಲರೂ ಬಿಟ್ಟುಬಿಡುವ ಒಂದು ಬಾಬತ್ತು ಇದೆ: ಹೊಸ ಬ್ಯಾರೆಲ್ಲಿನ ಬೆಲೆ, ಅದನ್ನು ಕೂರಿಸುವ ಕೂಲಿ ಎರಡನ್ನೂ ಕೂಡಿಸಿ, ಬ್ಯಾರೆಲ್ಲಿನ ಆಯುಸ್ಸಿನಿಂದ ಭಾಗಿಸಬೇಕು. ಫ್ಯಾಕ್ಟರಿಯಲ್ಲೇ ತುಂಬಿ ಬರುವ ರೌಂಡ್ ಹೊಡೆಯುವವರೂ ಈ ಕೊನೆಯದನ್ನು ಸೇರಿಸಲೇಬೇಕು.

ಬ್ಯಾರೆಲ್ ಸವೆಯೋದು ಹೇಗೆ ಅಂತ ಒಂದು ಸಲ ಕಣ್ಣಾರೆ ನೋಡಿದರೆ ಈ ಲೆಕ್ಕ ಮರೆಯೋದಿಲ್ಲ. .308 ವಿಂಚೆಸ್ಟರ್‌ನಂಥ ರೌಂಡ್ ಸಿಡಿದಾಗ ಒಳಗಿನ ಒತ್ತಡ 4 ಸಾವಿರ ಬಾರ್ ಮುಟ್ಟುತ್ತೆ. ಮದ್ದಿನ ಜ್ವಾಲೆಯ ಉಷ್ಣತೆ ಉಕ್ಕು ಕರಗುವ ಬಿಂದುವಿಗಿಂತ ಮೇಲಿರುತ್ತೆ. ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುವುದರಿಂದ ಉಕ್ಕು ಕರಗೋದಿಲ್ಲ, ಆದರೆ ಚೇಂಬರಿನ ಮುಂದೆ ತಿರುಚುಗೆರೆ ಶುರುವಾಗುವ ಜಾಗಕ್ಕೆ, ಅಂದರೆ ಥ್ರೋಟ್‌ಗೆ, ಪ್ರತಿ ಹೊಡೆತದಲ್ಲೂ ಏಟು ಬೀಳುತ್ತೆ. ಸಾವಿರಾರು ಗುಂಡು ಹಾರಿಸಿದ ಬ್ಯಾರೆಲ್ಲಿಗೆ ಬೋರ್‌ಸ್ಕೋಪ್ (ನಳಿಗೆಯ ಒಳಗನ್ನು ತೋರಿಸುವ ಉಪಕರಣ) ಇಳಿಸಿ ನೋಡಿ: ಥ್ರೋಟಿನ ಉಕ್ಕು ನೀರು ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿರುತ್ತೆ. ಬಿರುಕಿನ ಅಂಚುಗಳು ಉದುರುತ್ತಾ ಥ್ರೋಟ್ ಮುಂದಕ್ಕೆ ಸರಿಯುತ್ತೆ, ವೇಗ ಇಳಿಯುತ್ತೆ, ಗುರಿಹಲಗೆಯ ಮೇಲೆ ಗುಂಡುಗಳ ಗುಂಪು ಹರಡುತ್ತೆ.

ಆಯುಸ್ಸು ಕ್ಯಾಲಿಬರ್ (ಗುಂಡಿನ ಅಳತೆ, ಬಗೆ) ಮೇಲೆ ನಿಂತಿದೆ. ಸ್ಪರ್ಧೆಗೆ ಬೇಕಾದ ನಿಖರತೆ ಇರುವಷ್ಟು ಕಾಲ ಅಂತ ತೆಗೆದುಕೊಂಡರೆ, .308 ಬ್ಯಾರೆಲ್ ಸುಮಾರು 4 ರಿಂದ 5 ಸಾವಿರ ಗುಂಡು ಬಾಳುತ್ತೆ. 6.5 ಕ್ರೀಡ್‌ಮೋರ್ 2,500 ಆಸುಪಾಸು. 6 ಎಂಎಂ ಕ್ರೀಡ್‌ಮೋರ್‌ನಂಥ ವೇಗದವು 2 ಸಾವಿರದ ಒಳಗೇ ಸುಸ್ತಾಗುತ್ತವೆ. ಹೆಚ್ಚು ಮದ್ದು ತುಂಬುವ ದೊಡ್ಡ ಮ್ಯಾಗ್ನಮ್‌ಗಳದ್ದು ಇನ್ನೂ ಕಡಿಮೆ. ಬಿಸಿ ಆರುವುದಕ್ಕೆ ಬಿಡದೆ ಒಂದೇ ಸಮನೆ ಹೊಡೆದರೆ ಈ ಅಂಕಿಗಳನ್ನೂ ನಂಬಬೇಡಿ.

ಇನ್ನು ವರ್ಷಕ್ಕೆ ಎಷ್ಟು ಗುಂಡು? ಮಲಗಿಕೊಂಡು, ರೈಫಲ್ಲಿಗೆ ಆಸರೆ ಕೊಟ್ಟು, ಸ್ಕೋಪಿನಲ್ಲಿ ನೋಡಿ ಹೊಡೆಯುವ ಎಫ್-ಕ್ಲಾಸ್‌ನಲ್ಲಿ ದಿನಕ್ಕೆ 20 ಹೊಡೆತದ ಮೂರು ಸರಣಿ ಅಂದರೆ 60, ಸೈಟರ್ (ಗುರಿ ಸರಿಪಡಿಸಿಕೊಳ್ಳುವ, ಅಂಕಕ್ಕೆ ಸೇರದ ಹೊಡೆತ) ಸೇರಿ 70 ಹತ್ತಿರ. ಅಂಥ 10 ದಿನ ಆಡಿ, ಅಷ್ಟೇ ಅಭ್ಯಾಸ ಮಾಡಿದರೆ 1,400. ಒಂದು .308 ಬ್ಯಾರೆಲ್ ಮೂರು ವರ್ಷ ಬಂದೀತು. ಪಿಆರ್‌ಎಸ್ ಮಾದರಿಯಲ್ಲಿ, ಅಂದರೆ ಸಮಯದ ಮಿತಿಯೊಳಗೆ ಬೇರೆ ಬೇರೆ ಆಸರೆಗಳಿಂದ ಉಕ್ಕಿನ ತಗಡುಗಳಿಗೆ ಹೊಡೆಯುವ ಸ್ಪರ್ಧೆಯಲ್ಲಿ, ಎರಡು ದಿನದ ಒಂದು ಕೂಟಕ್ಕೇ 150 ರಿಂದ 200 ಗುಂಡು ಬೇಕು. ಅಂಥ 10 ಕೂಟ, ಅಷ್ಟೇ ಅಭ್ಯಾಸ ಅಂದರೆ 6 ಎಂಎಂನವರಿಗೆ ವರ್ಷಕ್ಕೆ ಎರಡು ಬ್ಯಾರೆಲ್. ರೈಫಲ್ ಆರಿಸುವ ಮೊದಲು ಯಾವ ಸ್ಪರ್ಧೆ ಅಂತ ತೀರ್ಮಾನ ಮಾಡಿ ಅನ್ನೋದು ಇದಕ್ಕೇ.

ಮರುಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಯಾರೂ ಹೇಳಿರಲಿಲ್ಲ. ನಾನು .300 ವಿಂಚೆಸ್ಟರ್ ಮ್ಯಾಗ್ನಮ್ ಅಂದುಕೊಂಡಿದ್ದೆ. ದೂರ ಜಾಸ್ತಿ ಅಲ್ವಾ, ಶಕ್ತಿಯೂ ಜಾಸ್ತಿ ಬೇಕು ಅಂತ.

ಉತ್ತರ: ದಯವಿಟ್ಟು ಬೇಡ. ನೀವು ತೂತು ಮಾಡಬೇಕಾಗಿರೋದು ಕಾಗದಕ್ಕೆ. ದೂರದ ಗುರಿಯ ಹೆಸರಾಂತ ಅಂತರರಾಷ್ಟ್ರೀಯ ಪಂದ್ಯವಾದ ಪಾಲ್ಮಾ 1876ರಲ್ಲಿ ಅಮೆರಿಕದ ಕ್ರೀಡ್‌ಮೋರ್ ಮೈದಾನದಲ್ಲಿ ಶುರುವಾದದ್ದು, ಈಗಲೂ 800, 900, 1000 ಗಜಗಳಲ್ಲೇ ನಡೆಯುತ್ತೆ. ಇವತ್ತು ಅದರಲ್ಲಿ ಜಗತ್ತಿನ ಅತ್ಯುತ್ತಮ ಶೂಟರ್‌ಗಳ ಕೈಯಲ್ಲಿ ಇರೋದು .308. ಅವರಿಗೆ ಸಾಕಾದದ್ದು ನಿಮಗೂ ಸಾಕು.

ಮದ್ದಿನ ಲೆಕ್ಕವನ್ನೂ ನೋಡಿ. ಒಂದು ಕಿಲೋ ಮದ್ದು ಅಂದರೆ 15,432 ಗ್ರೇನ್. .308ಗೆ 44 ಗ್ರೇನ್ ಹಾಕಿದರೆ ಒಂದು ಕಿಲೋದಲ್ಲಿ 350 ರೌಂಡ್ ಆಗುತ್ತವೆ. .300 ಮ್ಯಾಗ್ನಮ್ ಸುಮಾರು 70 ಗ್ರೇನ್ ನುಂಗುತ್ತೆ, 220ಕ್ಕೆ ಡಬ್ಬಿ ಖಾಲಿ. ಇನ್ನೂ ದೊಡ್ಡದಾದ .338 ಲಪುವಾಕ್ಕೆ 90 ಅಂತ ಹಿಡಿದರೆ 170 ಮಾತ್ರ. ಬುಲೆಟ್ಟೂ ದುಬಾರಿ, ಕೇಸೂ ದುಬಾರಿ, ಬ್ಯಾರೆಲ್ ಬೇಗ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಭುಜಕ್ಕೆ ಬೀಳುವ ಒದೆತ. ಆ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವ ಅಭ್ಯಾಸ ಶುರುವಿನಲ್ಲೇ ಅಂಟಿಕೊಂಡರೆ ಬಿಡಿಸೋಕೆ ವರ್ಷಗಟ್ಟಲೆ ಬೇಕು. ಅದನ್ನು ಬಿಡಿಸಲು ಹೊಡೆಯುವ ಗುಂಡುಗಳಿಗೂ ದುಡ್ಡು ನಿಮ್ಮದೇ.

ನಿಮ್ಮ ಹತ್ತಿರ ಬೈಪಾಡ್ ಯೋಚನೆ ಇರೋದರಿಂದ ಎಫ್-ಕ್ಲಾಸಿನ ಎಫ್-ಟಿಆರ್ ವಿಭಾಗ ಸೂಕ್ತ. ಅಲ್ಲಿ .223 ಮತ್ತು .308 ಎರಡಕ್ಕೇ ಅವಕಾಶ, ತೂಕ ಸ್ಕೋಪ್ ಬೈಪಾಡ್ ಸಮೇತ 8.25 ಕಿಲೋ ಮೀರುವ ಹಾಗಿಲ್ಲ. ನಿಯಮವೇ ಖರ್ಚಿಗೆ ಒಂದು ಬೇಲಿ ಹಾಕುತ್ತೆ. ಅದರ ಇನ್ನೊಂದು ವಿಭಾಗ ಎಫ್-ಓಪನ್‌ನಲ್ಲಿ 10 ಕಿಲೋ, 8 ಎಂಎಂವರೆಗೆ ಯಾವ ಕ್ಯಾಲಿಬರ್ ಆದರೂ ಸರಿ. ಅಲ್ಲಿ ಬೇಲಿ ಬಹಳ ದೂರ ಇದೆ.

ಇನ್ನೊಬ್ಬ ಸದಸ್ಯೆ: ಸರ್, ನಾನು 6.5 ಕ್ರೀಡ್‌ಮೋರ್ ಹೊಡೀತೀನಿ, ಇಷ್ಟು ದಿನ ಫ್ಯಾಕ್ಟರಿ ಮ್ಯಾಚ್ ರೌಂಡೇ. ರೀಲೋಡಿಂಗ್ ಮಾಡಿದರೆ ನಿಜವಾಗಿ ಉಳಿತಾಯ ಆಗುತ್ತಾ? ಸಲಕರಣೆಗಳ ಪಟ್ಟಿ ನೋಡಿಯೇ ಗಾಬರಿ ಆಯಿತು.

ಉತ್ತರ: ಮೇಡಂ, ಮೊದಲು ಕಾನೂನು ನೋಡಿಕೊಳ್ಳಿ. ಖಾಸಗಿಯಾಗಿ ರೌಂಡ್ ತುಂಬಿಸುವುದಕ್ಕೆ ಎಲ್ಲ ದೇಶಗಳಲ್ಲೂ ಅನುಮತಿ ಇಲ್ಲ, ಇರುವ ಕಡೆಯೂ ಮದ್ದು ಇಟ್ಟುಕೊಳ್ಳಲು ಮಿತಿ ಇರುತ್ತೆ. ಅನುಮತಿ ಇದ್ದರೆ, ಒಂದೊಂದು ರೌಂಡಿನ ಖರ್ಚು ಇಳಿಯೋದು ಖಂಡಿತ. ಯಾಕೆಂದರೆ ಒಳ್ಳೆಯ ಕೇಸನ್ನು ಹದವಾದ ಲೋಡಿನಲ್ಲಿ (ಅತಿಯಾಗದ ಮದ್ದಿನ ತೂಕದಲ್ಲಿ) 10 ಸಲವಾದರೂ ಬಳಸಬಹುದು. ಪ್ರೈಮರ್ ಕೂರುವ ಗುಳಿ ಸಡಿಲವಾದ ದಿನ ಆ ಕೇಸಿನ ಕೆಲಸ ಮುಗೀತು.

ಆದರೆ ಸ್ಪರ್ಧಿಗಳು ಈ ಕೆಲಸಕ್ಕೆ ಕೂರೋದು ಒಂದೇ ಸಮ ಇರುವ ವೇಗಕ್ಕಾಗಿ. ಸಾವಿರ ಗಜದಲ್ಲಿ .308 ಬುಲೆಟ್ಟಿನ ವೇಗ ಸೆಕೆಂಡಿಗೆ 10 ಮೀಟರ್ ಹೆಚ್ಚುಕಡಿಮೆ ಆದರೆ, ಗುಂಡು ಸುಮಾರು 20 ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತೆ. ಅಮೆರಿಕದ ಎಫ್-ಕ್ಲಾಸ್ ಗುರಿಹಲಗೆಯಲ್ಲಿ ಹತ್ತರ (ಹತ್ತು ಅಂಕ ಕೊಡುವ) ವೃತ್ತದ ಅಡ್ಡಗಲ 10 ಇಂಚು, ಅಂದರೆ 25 ಸೆಂಟಿಮೀಟರ್ ಮಾತ್ರ. ನಡುವಿಗೆ ಹಿಡಿದು ಎಷ್ಟು ಚೆನ್ನಾಗಿ ಒತ್ತಿದರೂ ಅಂಥ ರೌಂಡ್ ಹತ್ತರ ಹೊರಗೇ. ನಿಮ್ಮ 6.5ನಲ್ಲಿ ಅಂಕಿ ಸ್ವಲ್ಪ ಕಡಿಮೆ, ಕಥೆ ಅದೇ.

ಸಲಕರಣೆಯಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು? ಗಟ್ಟಿಯಾದ ಒಂದು ಸಾದಾ ಪ್ರೆಸ್ (ಒತ್ತುಯಂತ್ರ), ಒಳ್ಳೆಯ ಡೈ (ಕೇಸನ್ನು ಅಳತೆಗೆ ತರುವ ಅಚ್ಚು), ನಂಬಿಕೆಯ ತಕ್ಕಡಿ, ಕ್ಯಾಲಿಪರ್. ತಕ್ಕಡಿ 0.1 ಗ್ರೇನ್ ಗುರುತಿಸಿದರೆ ಶುರುವಿಗೆ ಸಾಕು. 0.02 ಗ್ರೇನ್ ಹಿಡಿಯುವ ತಕ್ಕಡಿಗಳು ಬರುತ್ತವೆ, ಬೆಲೆಯೂ ಹಾಗೇ ಇರುತ್ತೆ, ಅವು ಆಮೇಲೆ. ಕೇಸ್ ಕಾಯಿಸಿ ಮೆದು ಮಾಡುವ ಯಂತ್ರ, ಕೇಸಿನ ಕತ್ತು ಕೆರೆಯುವ ಉಪಕರಣ ಇವೆಲ್ಲ ನಿಮ್ಮ ಅಂಕ ಬೇಡಿದಾಗ ಬರಲಿ. ವೇಗ ಅಳೆಯುವ ಕ್ರೋನೋಗ್ರಾಫ್ ಮಾತ್ರ ಬೇಕೇ ಬೇಕು. ಅದನ್ನು ಕ್ಲಬ್ಬಿನ ನಾಲ್ಕು ಜನ ಸೇರಿ ಕೊಂಡರೂ ನಡೆಯುತ್ತೆ.

ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮ್ಯಾಚ್ ದರ್ಜೆಯ 100 ರೌಂಡ್‌ಗೆ ತೊಳೆಯುವುದರಿಂದ ಹಿಡಿದು ಬುಲೆಟ್ ಕೂರಿಸುವವರೆಗೆ ಒಂದು ಸಂಜೆ ಪೂರ್ತಿ ಹೋಗುತ್ತೆ. ದಣಿದಾಗ, ಮಾತಾಡುತ್ತಾ, ಫೋನ್ ಪಕ್ಕದಲ್ಲಿಟ್ಟುಕೊಂಡು ಮದ್ದು ತೂಗಬೇಡಿ. ಬೇರೆಯವರ ರೈಫಲ್ಲಿಗೆ ಹೊಂದಿದ ಲೋಡನ್ನು ಹಾಗೇ ತಂದು ನಿಮ್ಮದಕ್ಕೆ ತುಂಬಬೇಡಿ. ಮದ್ದು ತಯಾರಕರ ಕೈಪಿಡಿಯಲ್ಲಿರುವ ಆರಂಭದ ತೂಕದಿಂದ ಶುರುಮಾಡಿ ಮೇಲೆ ಬನ್ನಿ. ಒತ್ತಡ ತಪ್ಪಿದರೆ ಹೋಗೋದು ಬರೀ ದುಡ್ಡಲ್ಲ ಮೇಡಂ.

ಮತ್ತೊಬ್ಬರು: ಬಜೆಟ್ಟಿನ ಅರ್ಧ ಸ್ಕೋಪ್‌ಗೆ ಇಡಬೇಕು ಅಂತಾರಲ್ಲ, ಒಪ್ಪುತ್ತೀರಾ? ಸೆಕೆಂಡ್ ಹ್ಯಾಂಡ್ ರೈಫಲ್ ಬಗ್ಗೆಯೂ ಹೇಳಿ.

ಉತ್ತರ: ಮೊದಲ ಖರೀದಿಯ ಮಟ್ಟಿಗೆ ಒಪ್ಪುತ್ತೇನೆ. ಸ್ಕೋಪ್ ಬ್ಯಾರೆಲ್ಲಿನ ಹಾಗೆ ಸವೆಯೋದಿಲ್ಲ, ಒಂದು ರೈಫಲ್‌ನಿಂದ ಇನ್ನೊಂದಕ್ಕೆ ಹೋಗುತ್ತೆ, ಮಾರಿದರೂ ಬೆಲೆ ಬರುತ್ತೆ. ಆದರೆ ಹೆಚ್ಚು ಜೂಮ್ ಇರೋದಕ್ಕೆ ಹಣ ಸುರಿಯಬೇಡಿ. ನೆಲ ಕಾದು ಬಿಸಿಗಾಳಿ ಕುದಿಯುವಾಗ 50 ಪಟ್ಟು ದೊಡ್ಡದು ಮಾಡಿದರೆ ಕಾಣೋದು ಕುದಿಯುವ ಗಾಳಿಯೇ. ಹಣ ಕೊಡಬೇಕಾದ್ದು ತಿರುಗಿಸಿದಷ್ಟೇ ಗುರಿ ಸರಿಸುವ ಗುಂಡಿಗೆ, ಅಂದರೆ ಟರೆಟ್‌ಗೆ. ಪರೀಕ್ಷೆ ಸುಲಭ: 100 ಮೀಟರಿನಲ್ಲಿ ತೂಗುಗುಂಡು ಹಿಡಿದು ನೆಟ್ಟಗೆ ಗೆರೆ ಎಳೆದ ಎತ್ತರದ ಹಲಗೆ ನಿಲ್ಲಿಸಿ. 10 ಮಿಲ್ (100 ಮೀಟರಿನಲ್ಲಿ ಒಂದು ಮಿಲ್ ಅಂದರೆ 10 ಸೆಂಟಿಮೀಟರ್) ಮೇಲಕ್ಕೆ ತಿರುಗಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಹೊಡೆದರೆ, ಗುಂಡು ಸರಿಯಾಗಿ 1 ಮೀಟರ್ ಮೇಲೆ, ಅದೇ ಗೆರೆಯ ಮೇಲೆ ಬೀಳಬೇಕು. ಸೊನ್ನೆಗೆ ತಂದಾಗ ಮತ್ತೆ ಮೊದಲಿನ ಜಾಗಕ್ಕೇ ಬರಬೇಕು.

ಹಳೆಯ ರೈಫಲ್ ಧಾರಾಳವಾಗಿ ಕೊಳ್ಳಿ, ಕಾನೂನುಬದ್ಧ ವರ್ಗಾವಣೆ ಇದ್ದರೆ ಸಾಕು. ಆಕ್ಷನ್ (ಗುಂಡು ತುಂಬಿ ಸಿಡಿಸುವ ಯಂತ್ರಭಾಗ), ಟ್ರಿಗರ್, ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಚೆನ್ನಾಗಿವೆಯಾ ನೋಡಿ. ಬ್ಯಾರೆಲ್ಲಿಗೆ ಎಷ್ಟು ಗುಂಡಾಗಿದೆ ಅಂತ ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಬ್ಯಾರೆಲ್ ಮುಗಿದಿದೆ ಅಂತಲೇ ಬೆಲೆ ಕಟ್ಟಿ. "ಬಹಳ ಕಡಿಮೆ ಹೊಡೆದಿದ್ದೀವಿ" ಅನ್ನೋ ಮಾತಿಗೆ ದುಡ್ಡು ಕೊಡಬೇಡಿ.

ಮೊದಲ ಪ್ರಶ್ನೆ ಕೇಳಿದವರು: ಸರ್, ರೈಫಲ್, ಗುಂಡು, ಬ್ಯಾರೆಲ್ ಆಯಿತು. ಇನ್ನೇನಾದರೂ ಬಾಕಿ ಇದೆಯಾ?

ಉತ್ತರ: ಪ್ರಯಾಣ. ಸಾವಿರ ಗಜದ ಮೈದಾನ ಎಲ್ಲೂ ಮನೆ ಪಕ್ಕ ಇರೋದಿಲ್ಲ. ಅಷ್ಟು ಉದ್ದದ ಜಾಗ, ಹಿಂದೆ ಗುಂಡು ತಡೆಯುವ ದಿಬ್ಬ, ಸುತ್ತ ಜನ ಓಡಾಡದ ಪ್ರದೇಶ ಬೇಕು. ಇಂಧನ, ತಂಗುವುದು, ಪ್ರವೇಶ ಶುಲ್ಕ, ವಿಮಾನದಲ್ಲಿ ಹೋದರೆ ಬೀಗ ಹಾಕುವ ಗಟ್ಟಿ ಪೆಟ್ಟಿಗೆ ಮತ್ತು ಅನುಮತಿ ಪತ್ರಗಳು. ವರ್ಷದ ಕೊನೆಗೆ ಇದೇ ಗುಂಡಿನ ಖರ್ಚನ್ನು ದಾಟಿ ನಿಂತ ಉದಾಹರಣೆಗಳು ನನ್ನ ಶಿಷ್ಯರಲ್ಲೇ ಎಷ್ಟೋ ಇವೆ. ಎಲೆಕ್ಟ್ರಾನಿಕ್ ಗುರಿಹಲಗೆ ಇಲ್ಲದ ಕಡೆ ಸ್ಪರ್ಧಿಗಳೇ ಸರದಿಯ ಮೇಲೆ ಗುರಿಯ ಕೆಳಗಿನ ಕಂದಕಕ್ಕಿಳಿದು ಹಲಗೆ ಎಳೆದು ತೂತು ಗುರುತು ಮಾಡಬೇಕು, ಹಾಗಾಗಿ ಇಡೀ ದಿನ ಅಲ್ಲೇ. ಕಿವಿಗೆ ಒಳಗೊಂದು ಬೆಣೆ, ಮೇಲೊಂದು ಮಫ್ ಎರಡೂ ಕೊಳ್ಳಿ. ಅಲ್ಲಿ ಉಳಿತಾಯದ ಯೋಚನೆಯೇ ಬೇಡ.

ಹಿರಿಯ ಸದಸ್ಯರೊಬ್ಬರು: ನಾನು ಸ್ಲಿಂಗ್ (ತೋಳಿಗೆ ಬಿಗಿಯುವ ಪಟ್ಟಿ) ಹಾಕಿ, ಸ್ಕೋಪ್ ಇಲ್ಲದೆ ಸಣ್ಣ ತೂತಿನ ಮೂಲಕ ನೋಡುವ ಅಪರ್ಚರ್ ಸೈಟ್‌ನಲ್ಲಿ ಹೊಡೆಯುವವನು. ಸ್ಕೋಪ್ ಖರ್ಚೂ ಇಲ್ಲ, ಜಾಕೆಟ್ ಎಷ್ಟೋ ವರ್ಷ ಬರುತ್ತೆ. ಹೊಸಬರು ಇದನ್ನು ಯಾಕೆ ನೋಡಬಾರದು?

ಉತ್ತರ: ಖಂಡಿತ ನೋಡಬೇಕು ಸರ್. ನೀವು ಹೇಳಿದ ಹಾಗೆ ಜಾಕೆಟ್, ಕೈಗವಸು, ಸ್ಲಿಂಗ್, ಸೈಟ್ ಎಲ್ಲ ಒಮ್ಮೆ ಕೊಂಡರೆ ದೀರ್ಘಕಾಲ ಬಾಳುವಂಥವು. ಕೆಲವು ಕೂಟಗಳಲ್ಲಿ ಆಯೋಜಕರೇ ಎಲ್ಲರಿಗೂ ಒಂದೇ ರೌಂಡ್ ಕೊಡುತ್ತಾರೆ, ಅಲ್ಲಿ ರೀಲೋಡಿಂಗ್ ಪೈಪೋಟಿಯೇ ಇಲ್ಲ. ಕಣ್ಣು, ಮೊಣಕೈ ಒಪ್ಪದಿದ್ದಾಗ ಎಫ್-ಕ್ಲಾಸ್ ಇದ್ದೇ ಇದೆ. ಕೆನಡಾದ ಜಾರ್ಜ್ ಫರ್ಕ್ವಾರ್ಸನ್ ಅದನ್ನು ರೂಪಿಸಿದ್ದೂ ವಯಸ್ಸಾದವರು ಮೈದಾನ ಬಿಟ್ಟು ಹೋಗಬಾರದು ಅಂತ.

ಕೊನೆಯ ಪ್ರಶ್ನೆ: ಸರ್, ಕೈಯಲ್ಲಿ ದುಡ್ಡು ಕಡಿಮೆ ಇರೋರು ಏನು ಮಾಡಬೇಕು? .22ರಲ್ಲಿ (ಪುಟ್ಟ, ಅಗ್ಗದ ಗುಂಡಿನ ರೈಫಲ್ಲಿನಲ್ಲಿ) ಕಲಿತರೆ ದೂರದ ಶೂಟಿಂಗ್‌ಗೆ ಉಪಯೋಗ ಆಗುತ್ತಾ, ಅಥವಾ ಸುಮ್ಮನೆ ಕಾಲಹರಣವಾ?

ಉತ್ತರ: ದೂರದ ಶೂಟಿಂಗ್‌ನಲ್ಲಿ ಅಂಕ ಕಳೆಯೋದು ಗಾಳಿ. ಸಾವಿರ ಗಜದಲ್ಲಿ ಅಡ್ಡಗಾಳಿ ಸೆಕೆಂಡಿಗೆ 1 ಮೀಟರ್ ಬದಲಾದರೆ .308 ಗುಂಡು ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ಹೋಗುತ್ತೆ. ಹತ್ತರ ವೃತ್ತಕ್ಕಿಂತ ಎರಡು ಪಟ್ಟು! ಎಷ್ಟೇ ಬೆಲೆಯ ರೈಫಲ್ ಇದ್ದರೂ ಈ ಗಾಳಿಯನ್ನು ಓದೋದು ನೀವೇ. .22 ಎಲ್‌ಆರ್‌ನ ನಿಧಾನದ ಗುಂಡು 200 ಗಜದಲ್ಲಿ ಗಾಳಿಗೆ ಸರಿಯುವ ಕೋನ, .308 ಸಾವಿರ ಗಜದಲ್ಲಿ ಸರಿಯುವ ಕೋನಕ್ಕೆ ಹತ್ತಿರದಲ್ಲೇ ಇರುತ್ತೆ. ಅಂದರೆ ಅದೇ ಪಾಠ, ಚಿಕ್ಕ ಮೈದಾನದಲ್ಲಿ, ಒಂದು ಹೊಡೆತಕ್ಕೆ ಬಹಳ ಕಡಿಮೆ ದುಡ್ಡಿನಲ್ಲಿ, ಹತ್ತಾರು ಸಾವಿರ ಗುಂಡು ಬಾಳುವ ಬ್ಯಾರೆಲ್ಲಿನಲ್ಲಿ.

ಎರಡು ಮೂರು ಬಗೆಯ ಮ್ಯಾಚ್ ರೌಂಡ್ ಸ್ವಲ್ಪ ಸ್ವಲ್ಪ ತಂದು ಹೊಡೆದು ನೋಡಿ, ನಿಮ್ಮ ರೈಫಲ್ ಯಾವುದನ್ನು ಒಪ್ಪುತ್ತೋ ಅದರ ಒಂದೇ ಲಾಟ್ ನಂಬರಿನ ಪೆಟ್ಟಿಗೆಗಳನ್ನು ಒಟ್ಟಿಗೆ ಕೊಳ್ಳಿ. ಪ್ರತಿ ಹೊಡೆತಕ್ಕೂ ಮುಂಚೆ ಗಾಳಿ ಎಷ್ಟು ಅಂತ ಊಹಿಸಿ ಬರೆಯಿರಿ, ಆಮೇಲೆ ಗುಂಡು ಎಲ್ಲಿ ಬಿತ್ತು ಅಂತ ಪಕ್ಕದಲ್ಲೇ ಬರೆಯಿರಿ. ಮನೆಯಲ್ಲಿ ರೈಫಲ್ ಖಾಲಿ ಇದೆ ಅಂತ ಎರಡೆರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸ ಮಾಡಿ. ಅದಕ್ಕೆ ಕಾಸು ಖರ್ಚಿಲ್ಲ. .22 ಆದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿಯಬಾರದು, ಡಮ್ಮಿ ರೌಂಡ್ ಹಾಕಿಕೊಳ್ಳಿ. ಒಂದು ಋತು ಹೀಗೆ ಕಳೆದ ಮೇಲೆ ಆ ಪುಸ್ತಕ ತಂದು ತೋರಿಸಿ, ಯಾವ .308 ಕೊಳ್ಳಬೇಕು ಅಂತ ಆಗ ಕೂತು ಮಾತಾಡೋಣ.